ಮನೆಯವರು ಬೇಡ ಅಂದಾಗ: ಸುವಾರ್ತೆಯನ್ನು ನಂಬಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಭಾಪಾಲಕನಲ್ಲ, ಅಂದರೆ ಪಾಸ್ಟರ್ ಅಲ್ಲ. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಯೇಸುವನ್ನು ನಂಬಿದವರು ಸಭೆಗೆ ಸೇರುವಾಗ ಪಡೆಯುವ ದೀಕ್ಷಾಸ್ನಾನಕ್ಕೆ ಮುಂಚಿನ ಪಾಠ ಹೇಳಿಕೊಡುವ ಕೆಲಸ ನನ್ನದು. ಪಾಠಕ್ಕಿಂತ ಜಾಸ್ತಿ ಪ್ರಶ್ನೆಗಳು ಬರುವುದು ಪಾಠ ಮುಗಿದ ಮೇಲೆ, ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ. ಕೆಲವು ಕಾಗದದಲ್ಲಿ ಬಂದಿವೆ. ಈಚೆಗೆ ಫೋನಿನಲ್ಲಿ ಧ್ವನಿ ಸಂದೇಶವಾಗಿ ಬರುತ್ತವೆ. ರಾತ್ರಿ ಹನ್ನೊಂದರ ಮೇಲೆ, ಪಕ್ಕದ ಕೋಣೆಯವರಿಗೆ ಕೇಳಿಸದ ಹಾಗೆ ಪಿಸುಗುಟ್ಟಿದ ದನಿಯಲ್ಲಿ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಯಾರ ಗುರುತೂ ಸಿಗಬಾರದು ಅಂತ ಊರು, ಹೆಸರು ಬಿಟ್ಟಿದ್ದೇನೆ.

## ಶುರುವಿನಲ್ಲಿ ಕೇಳುವವು

ಸುವಾರ್ತೆ ಸುವಾರ್ತೆ ಅಂತೀರಲ್ಲ, ಅದರಲ್ಲಿ ಇರೋದೇನು? ಸುತ್ತಿ ಬಳಸಿ ಹೇಳಬೇಡಿ.

ಒಳ್ಳೆಯ ಸುದ್ದಿ ಅನ್ನುವುದೇ ಆ ಪದದ ಅರ್ಥ. ಸುದ್ದಿ ಇಷ್ಟು: ದೇವರು ಮನುಷ್ಯನನ್ನು ಹುಡುಕಿಕೊಂಡು ತಾನೇ ಬಂದ. ಯೇಸು ನಮ್ಮ ಪಾಪಕ್ಕಾಗಿ ಶಿಲುಬೆಯ ಮೇಲೆ ಸತ್ತರು, ಹೂಳಲ್ಪಟ್ಟರು, ಮೂರನೇ ದಿನ ಎದ್ದು ಬಂದರು. ಯೇಸುವಿನ ಸುದ್ದಿಯನ್ನು ಊರೂರಿಗೆ ಸಾರಿದ ಪೌಲ, ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಮೊದಲ ಪತ್ರದ ಹದಿನೈದನೇ ಅಧ್ಯಾಯದಲ್ಲಿ ಇದನ್ನು ನಾಲ್ಕೈದು ಸಾಲಿನಲ್ಲಿ ಹೇಳಿ ಮುಗಿಸುತ್ತಾನೆ. ದೇವರ ಜೊತೆ ನಮ್ಮ ಲೆಕ್ಕ ಸರಿಹೋಗುವುದು ನಾವು ಕೂಡಿಟ್ಟ ಪುಣ್ಯದಿಂದಲ್ಲ, ಅವರು ಮಾಡಿ ಮುಗಿಸಿದ ಕೆಲಸದಿಂದ. ಸುದ್ದಿ ಕೇಳಿದ ಮೇಲೆ ನಂಬುವುದು, ಬಿಡುವುದು ಎರಡೂ ಕೇಳಿದವರ ಕೈಯಲ್ಲಿದೆ.

ಇದು ನಿಜ ಆಗಿದ್ರೆ ನಮ್ಮ ಮನೆಯವರು, ಇಷ್ಟೊಂದು ಓದಿದವರು, ಯಾರೂ ಯಾಕೆ ಒಪ್ಪಲ್ಲ?

ಈ ಪ್ರಶ್ನೆ ಯೇಸುವಿನ ಕಾಲದಲ್ಲೇ ಇತ್ತು. ಅವರು ಬೆಳೆದ ಊರು ನಜರೇತ್. ಅಲ್ಲಿನ ಸಭಾಮಂದಿರದಲ್ಲಿ ಎದ್ದು ನಿಂತು ಓದಿದರು, ಮಾತಾಡಿದರು. ಜನ ಮೊದಲು ತಲೆದೂಗಿದರು. 'ಇವನು ನಮ್ಮ ಯೋಸೇಫನ ಮಗ ಅಲ್ವಾ' ಅಂತಲೂ ಅಂದರು. ಮಾತು ಸ್ವಲ್ಪ ಮುಂದೆ ಹೋಗುತ್ತಿದ್ದ ಹಾಗೆ ಅದೇ ಜನ ಅವರನ್ನು ಗುಡ್ಡದ ಅಂಚಿಗೆ ದಬ್ಬಿಕೊಂಡು ಹೋದರು, ಕೆಳಗೆ ತಳ್ಳಿಬಿಡಲು. ಬೈಬಲ್ಲಿನಲ್ಲಿ ಲೂಕನ ಪುಸ್ತಕದ ನಾಲ್ಕನೇ ಅಧ್ಯಾಯದಲ್ಲಿ ಇದೆ. ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳು ಅದರಲ್ಲಿ ನಾಲ್ಕು: ಮತ್ತಾಯ, ಮಾರ್ಕ, ಲೂಕ, ಯೋಹಾನ. ಯೋಹಾನ ತನ್ನ ಪುಸ್ತಕದ ಮೊದಲ ಪುಟದಲ್ಲೇ ಹೇಳುತ್ತಾನೆ: ತನ್ನವರ ಹತ್ತಿರ ಬಂದ, ತನ್ನವರೇ ಸೇರಿಸಿಕೊಳ್ಳಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಯಾರ್ಯಾರು ಸೇರಿಸಿಕೊಂಡರೋ ಅವರಿಗೆ ದೇವರ ಮಕ್ಕಳಾಗುವ ಅಧಿಕಾರ ಸಿಕ್ಕಿತು.

ಬೇಡ ಅನ್ನುವುದಕ್ಕೆ ಒಬ್ಬೊಬ್ಬರದ್ದು ಒಂದೊಂದು ಕಾರಣ. ಕೆಲವರು ನಿಜವಾಗಿ ಯೋಚನೆ ಮಾಡಿ ಬೇಡ ಅನ್ನುತ್ತಾರೆ. ಅವರಿಗೆ ಮರ್ಯಾದೆ ಕೊಡಿ. ಕೆಲವರಿಗೆ ಮಗಳ ಮದುವೆಯ ಚಿಂತೆ, ಕೆಲವರಿಗೆ ಮನೆದೇವರ ಭಯ, ಇನ್ನು ಕೆಲವರು ಕೇಳಿಯೇ ಇಲ್ಲ. ಹತ್ತು ಜನ ಒಪ್ಪಲಿಲ್ಲ ಅಂದರೆ ಸುಳ್ಳು ಅಂತ ಆಗುವುದಿಲ್ಲ. ಹತ್ತು ಸಾವಿರ ಜನ ಒಪ್ಪಿದರು ಅಂದ ಮಾತ್ರಕ್ಕೆ ಸತ್ಯವೂ ಆಗುವುದಿಲ್ಲ. ನಿಮ್ಮ ಮನೆಯವರ ಉತ್ತರ ಅವರದ್ದು. ನಿಮ್ಮ ಉತ್ತರವನ್ನು ಅವರು ಕೊಡಲು ಆಗುವುದಿಲ್ಲ, ಅವರದ್ದನ್ನು ನೀವೂ ಕೊಡಲು ಆಗುವುದಿಲ್ಲ.

ನಂಬೋದು ಅಂದ್ರೆ ಏನು ಮಾಡಬೇಕು? ಕೈ ಎತ್ತಬೇಕಾ? ಫಾರ್ಮ್ ಏನಾದ್ರೂ ತುಂಬಬೇಕಾ?

ಫಾರ್ಮ್ ಏನೂ ಇಲ್ಲ. ಕೂಟಗಳಲ್ಲಿ ಕೈ ಎತ್ತಿಸುವ ರೂಢಿ ಇದೆ, ನನಗೆ ಅದರ ಮೇಲೆ ಅಷ್ಟು ಒಲವಿಲ್ಲ. ಹಾಡಿನ ಗುಂಗಿನಲ್ಲಿ ಎತ್ತಿದ ಕೈ ಸೋಮವಾರ ಬೆಳಿಗ್ಗೆ ಇಳಿದಿರುತ್ತದೆ.

ನಂಬುವುದು ಅಂದರೆ ಭಾರ ಬಿಡುವುದು. ಮೊದಲ ಸಲ ಬಾವಿಗೆ ಇಳಿದವನು ನೀರಿನ ಮೇಲೆ ಮೈಚೆಲ್ಲಲು ಕಲಿಯುತ್ತಾನಲ್ಲ, ಹಾಗೆ. ನೀರು ಹೊರುತ್ತದೆ ಅಂತ ಕಟ್ಟೆಯ ಮೇಲೆ ಕೂತು ಒಪ್ಪಿದರೆ ಈಜು ಬರುವುದಿಲ್ಲ. ತಪ್ಪನ್ನು ತಪ್ಪು ಅಂತ ದೇವರ ಮುಂದೆ ಒಪ್ಪಿಕೊಂಡು, ಯೇಸುವಿನ ಕೈಗೆ ನಿಮ್ಮನ್ನು ಒಪ್ಪಿಸಿ, ಅವರ ಮಾತಿನಂತೆ ಬದುಕಲು ಹೊರಡಿ. ನಿಮ್ಮ ಮಾತಲ್ಲೇ ಪ್ರಾರ್ಥನೆ ಮಾಡಿ. ಬೈಬಲ್ಲಿನ ಹಳೆಯ ಕಾಲದ ಕನ್ನಡದ ಹಾಗೆ ಮಾತಾಡಬೇಕಾಗಿಲ್ಲ.

ಅರ್ಧ ನಂಬಿಕೆ ಇದೆ, ಅರ್ಧ ಅನುಮಾನ ಇದೆ. ಇದು ನಡೆಯುತ್ತಾ?

ನಡೆಯುತ್ತದೆ. ಮಾರ್ಕ ಒಂಬತ್ತರಲ್ಲಿ ಒಬ್ಬ ತಂದೆ ಕಾಯಿಲೆಯ ಮಗನನ್ನು ಕರೆದುಕೊಂಡು ಬಂದು, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಒಂದೇ ಉಸಿರಿನಲ್ಲಿ ಅಂದ. ಯೇಸು ಮಗನನ್ನು ವಾಸಿ ಮಾಡಿದರು. ಮೊದಲು ಅನುಮಾನ ಮುಗಿಸಿಕೊಂಡು ಬಾ ಅಂತ ಕಳಿಸಲಿಲ್ಲ.

## ಮನೆಯೊಳಗಿನವು

ಮನೇಲಿ ಇನ್ನೂ ಹೇಳಿಲ್ಲ. ಕದ್ದು ಮುಚ್ಚಿ ನಂಬೋದು ತಪ್ಪಾ?

ಯೋಹಾನನ ಪುಸ್ತಕದಲ್ಲಿ ನಿಕೊದೇಮ ಅಂತ ಒಬ್ಬ ದೊಡ್ಡ ಮನುಷ್ಯ ಬರುತ್ತಾನೆ. ಯೆಹೂದ್ಯರ ಹಿರಿಯರ ಸಭೆಯ ಸದಸ್ಯ. ಮೂರನೇ ಅಧ್ಯಾಯದಲ್ಲಿ ರಾತ್ರಿ ಹೊತ್ತು ಯೇಸುವಿನ ಹತ್ತಿರ ಬರುತ್ತಾನೆ. ಏಳನೇ ಅಧ್ಯಾಯದಲ್ಲಿ ತನ್ನವರ ಮುಂದೆ ಯೇಸುವಿನ ಪರವಾಗಿ ಒಂದು ಮಾತು ಆಡುತ್ತಾನೆ, ಅದೂ ಪ್ರಶ್ನೆಯ ರೂಪದಲ್ಲಿ. ಹತ್ತೊಂಬತ್ತನೇ ಅಧ್ಯಾಯದಲ್ಲಿ ಯೇಸುವಿನ ಶವಕ್ಕೆ ಹಚ್ಚಲು ಸುಗಂಧ ದ್ರವ್ಯ ಹೊತ್ತುಕೊಂಡು ಹಾಡಹಗಲೇ ಬರುತ್ತಾನೆ. ಶಿಷ್ಯರು ಓಡಿಹೋಗಿದ್ದ ಹೊತ್ತು ಅದು. ಅವನ ರಾತ್ರಿಯಿಂದ ಹಗಲಿಗೆ ಎಷ್ಟು ಕಾಲ ಹಿಡಿಯಿತು ನೋಡಿ.

ಆದ್ದರಿಂದ ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಹೇಳಲು ಸಮಯ ಬೇಕು ಅನ್ನಿಸಿದರೆ ತೆಗೆದುಕೊಳ್ಳಿ. ನೇರವಾಗಿ ಕೇಳಿದಾಗ ಮಾತ್ರ ಇಲ್ಲ ಅನ್ನಬೇಡಿ. ನೀವಿನ್ನೂ ಹದಿನೆಂಟು ತುಂಬದವರಾದರೆ ನನ್ನ ಮಾತು ಇಷ್ಟೇ: ಓದಿ, ಪ್ರಾರ್ಥಿಸಿ, ಪರೀಕ್ಷೆ ಪಾಸು ಮಾಡಿ. ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ದೀಕ್ಷಾಸ್ನಾನ ಕೊಡುತ್ತೇವೆ ಅನ್ನುವವರು ಸಿಕ್ಕರೆ ದೂರ ಇರಿ.

ಹೇಳೋದಾದ್ರೆ ಹೇಗೆ ಹೇಳಲಿ? ಬಾಯಿ ಬಿಟ್ರೆ ರಾಮಾಯಣ ಆಗುತ್ತೆ.

ಹಬ್ಬದ ದಿನ ಹೇಳಬೇಡಿ. ಪೂಜೆಗೆ ಕರೆದಾಗ ಬರಲ್ಲ ಅಂತ ಶುರು ಮಾಡಬೇಡಿ. ಸಾಮಾನ್ಯವಾಗಿ ಎಲ್ಲರೂ ಇದೇ ತಪ್ಪು ಮಾಡುತ್ತಾರೆ. ಅಮ್ಮ ಹೂ ಕಟ್ಟಿ, ಎಲೆ ಹಾಸಿ, ಮಡಿಯಲ್ಲಿ ನಿಂತಿರುವಾಗ ಮಗ ಬಾಗಿಲಲ್ಲಿ ನಿಂತು 'ನಾನು ಈಗ ಇದನ್ನೆಲ್ಲ ಮಾಡಲ್ಲ' ಅನ್ನುತ್ತಾನೆ. ಅಮ್ಮನ ಕಿವಿಗೆ ಯೇಸುವಿನ ಹೆಸರು ಬೀಳುವ ಮೊದಲೇ ಅವಮಾನ ಬಿದ್ದಿರುತ್ತದೆ.

ಮನೆಯಲ್ಲಿ ನಿಮ್ಮ ಮಾತು ಕೇಳುವ ಒಬ್ಬರು ಇರುತ್ತಾರೆ, ಅಕ್ಕನೋ, ಸೋದರಮಾವನೋ. ಮೊದಲು ಅವರಿಗೆ ಹೇಳಿ. ಅಪ್ಪ ಅಮ್ಮನಿಗೆ ಎದುರಿಗೆ ಕೂತು ಹೇಳಿ, ಫೋನಿನಲ್ಲಿ ಬೇಡ. ನಿಮಗೆ ಏನು ಸಿಕ್ಕಿತು ಅನ್ನುವುದನ್ನು ಹೇಳಿ, ಅವರದ್ದರಲ್ಲಿ ಏನಿಲ್ಲ ಅನ್ನುವ ಪಟ್ಟಿ ಓದಬೇಡಿ. ಬೈದರೆ ಬೈಸಿಕೊಳ್ಳಿ. ಅವತ್ತೇ ಗೆಲ್ಲಬೇಕು ಅಂತ ಏನಿದೆ? ಮಾರನೇ ದಿನ ಎಂದಿನಂತೆ ಎದ್ದು ಹಾಲು ತಂದುಕೊಡಿ.

ತಂದೆತಾಯಿಯನ್ನು ಗೌರವಿಸು ಅಂತ ಬೈಬಲ್ಲೇ ಹೇಳುತ್ತೆ. ಅವರಿಗಿಂತ ನನ್ನನ್ನು ಹೆಚ್ಚು ಪ್ರೀತಿಸು ಅಂತ ಯೇಸುನೂ ಹೇಳ್ತಾರೆ. ಯಾವುದನ್ನು ಹಿಡೀಲಿ?

ಎರಡನ್ನೂ. ಮತ್ತಾಯ ಹತ್ತರ ಮಾತು ಗಟ್ಟಿಯಾಗಿಯೇ ಇದೆ, ಅದನ್ನು ಮೆತ್ತಗೆ ಮಾಡಲು ನಾನು ಹೋಗುವುದಿಲ್ಲ. ಅಪ್ಪ 'ನಾನಾ, ಯೇಸುವಾ, ಒಂದು ಹೇಳು' ಅಂತ ಕೇಳಿದರೆ, ವಿಶ್ವಾಸಿಯ ಉತ್ತರ ಏನು ಅಂತ ಆ ಮಾತು ಹೇಳುತ್ತದೆ. ಆದರೆ ಆ ಪ್ರಶ್ನೆಯನ್ನು ಅಪ್ಪ ಕೇಳಬೇಕು. ನೀವಾಗಿಯೇ ಅವರ ಬಾಯಲ್ಲಿ ಅದನ್ನು ಇಡಬೇಡಿ.

ಮಾರ್ಕ ಏಳರಲ್ಲಿ ಯೇಸು ಇನ್ನೊಂದು ಜಗಳ ಆಡುತ್ತಾರೆ. ಆಗಿನ ಕಾಲದಲ್ಲಿ ಅಪ್ಪ ಅಮ್ಮನಿಗೆ ಸಲ್ಲಬೇಕಾದ್ದನ್ನು 'ಇದು ಕೊರ್ಬಾನ್, ದೇವರಿಗೆ ಕೊಟ್ಟಾಯಿತು' ಅಂತ ಹೇಳಿ ಕೈ ತೊಳೆದುಕೊಳ್ಳುವವರು ಇದ್ದರು. ಯೇಸು ಅವರಿಗೆ ಚೆನ್ನಾಗಿ ಬೈದರು. ಸಂಬಳದಲ್ಲಿ ದಶಮಾಂಶ, ಅಂದರೆ ಹತ್ತರಲ್ಲಿ ಒಂದು ಪಾಲನ್ನು, ಸಭೆಗೆ ತಪ್ಪದೆ ಕೊಟ್ಟು, ಅಪ್ಪನ ಬಿಪಿ ಮಾತ್ರೆಗೆ ತಮ್ಮನ ಕಡೆ ಕೈ ತೋರಿಸುವ ವಿಶ್ವಾಸಿಗಳನ್ನು ನಾನು ನೋಡಿದ್ದೇನೆ. ಈ ಅಧ್ಯಾಯ ಅವರಿಗೆ.

ಹಬ್ಬದ ಊಟ ಮಾಡಬಹುದಾ? ಪ್ರಸಾದ ಕೊಟ್ರೆ?

ಕೊರಿಂಥದವರಿಗೂ ಇದೇ ತಲೆನೋವು ಇತ್ತು. ಪೇಟೆಯಲ್ಲಿ ಮಾರುತ್ತಿದ್ದ ಮಾಂಸ ಗುಡಿಯಲ್ಲಿ ಅರ್ಪಿಸಿ ಬಂದದ್ದೂ ಆಗಿರುತ್ತಿತ್ತು. ಪೌಲ ಮೊದಲ ಪತ್ರದ ಎಂಟರಿಂದ ಹತ್ತನೇ ಅಧ್ಯಾಯದವರೆಗೆ ಇದನ್ನೇ ಬಿಡಿಸುತ್ತಾನೆ. ಯಾರಾದರೂ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಕೆದಕದೆ ತಿನ್ನಿ. ಇದು ಅರ್ಪಿಸಿದ್ದು ಅಂತ ಅವರೇ ಹೇಳಿದರೆ ಬಿಡಿ.

ನನ್ನ ಲೆಕ್ಕದಲ್ಲಿ ಯುಗಾದಿಯ ಒಬ್ಬಟ್ಟು ಊಟ. ತಟ್ಟೆಗೆ ಬಂದರೆ ಎರಡು ಹಾಕಿಸಿಕೊಳ್ಳಿ. ಪ್ರಸಾದ ಅಂತ ಕೈಗೆ ಕೊಟ್ಟರೆ ನಗುನಗುತ್ತಾ ಬೇಡ ಅನ್ನಬಹುದು, ಮುಖ ಗಂಟು ಹಾಕಬೇಕಾಗಿಲ್ಲ. ಈ ವಿಷಯದಲ್ಲಿ ಸಭೆಗಳ ನಡುವೆ ಭಿನ್ನಾಭಿಪ್ರಾಯ ಇದೆ. ನಿಮ್ಮ ಸಭೆ ಇನ್ನೂ ಬಿಗಿಯಾಗಿದ್ದರೆ ಅವರ ಕಾರಣವನ್ನೂ ಕೇಳಿಸಿಕೊಳ್ಳಿ.

ನಾನೇ ಹಿರಿ ಮಗ. ನಾಳೆ ಅಪ್ಪ ಹೋದ್ರೆ ಕೊಳ್ಳಿ ಇಡೋರು ಯಾರು?

ಗೇಟಿನ ಹತ್ತಿರ ಬಂದ ಪ್ರಶ್ನೆಗಳಲ್ಲಿ ನನ್ನನ್ನು ತುಂಬಾ ಹೊತ್ತು ನಿಲ್ಲಿಸಿದ್ದು ಇದು. ಕೇಳಿದವನು ಲಾರಿ ಡ್ರೈವರ್. ಕೀ ಗೊಂಚಲನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದ. 'ಅಪ್ಪ ನನ್ನನ್ನು ಬೈಯಲ್ಲ ಸಾರ್. ಅದೊಂದೇ ಕೇಳ್ತಾರೆ. ನನಗೆ ಬೆಂಕಿ ಇಡ್ತೀಯ ಇಲ್ವಾ ಅಂತ.'

ಸಭೆಗಳು ಇಲ್ಲಿ ಒಂದೇ ಮಾತು ಹೇಳುವುದಿಲ್ಲ. ಬೆಂಕಿ ಇಡುವುದು ದೇಹಕ್ಕೆ ಮಾಡುವ ಕೊನೆಯ ಸೇವೆ, ಮಂತ್ರ ಮತ್ತು ಪಿಂಡವನ್ನು ತಮ್ಮ ಅಥವಾ ದಾಯಾದಿಗಳು ನೋಡಿಕೊಳ್ಳಲಿ ಅನ್ನುವವರಿದ್ದಾರೆ. ಇಡೀ ಕ್ರಿಯೆ ಒಂದೇ, ಬಿಡಿಸಿ ನೋಡಲು ಬರುವುದಿಲ್ಲ ಅನ್ನುವವರಿದ್ದಾರೆ. ನಾನು ಮೊದಲನೆಯವರ ಕಡೆ ವಾಲುತ್ತೇನೆ. ಎರಡೂ ಕಡೆಯವರು ಒಪ್ಪುವ ಕೆಲವು ಕೆಲಸಗಳಿವೆ. ಆಸ್ಪತ್ರೆಯಲ್ಲಿ ರಾತ್ರಿ ಕೂರುವುದು, ಮೈ ತೊಳೆಯುವುದು, ಚಟ್ಟಕ್ಕೆ ಹೆಗಲು ಕೊಡುವುದು, ಖರ್ಚಿಗೆ ಮೊದಲು ಕೈ ಹಾಕುವುದು. ಏನೇ ತೀರ್ಮಾನ ಆದರೂ ಅಪ್ಪ ಇರುವಾಗಲೇ ಅವರ ಜೊತೆ, ತಮ್ಮಂದಿರ ಜೊತೆ ಮಾತಾಡಿ ಮುಗಿಸಿ. ಸ್ಮಶಾನದಲ್ಲಿ ನಿಂತು 'ನಾನು ಮಾಡಲ್ಲ' ಅನ್ನುವುದು ಸಾಕ್ಷಿ ಅಲ್ಲ, ಒರಟುತನ.

ಆ ಡ್ರೈವರ್ ಆಮೇಲೆ ಏನು ಮಾಡಿದ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದು ಅವನ ಅಪ್ಪನಿಗೂ ಅವನಿಗೂ ಬಿಟ್ಟದ್ದು.

ನನ್ನ ಗಂಡ ಒಪ್ತಿಲ್ಲ. ಬೈಬಲ್ ಒಲೆಗೆ ಹಾಕಿದ್ರು. ನಾನು ಬಿಟ್ಟು ಬರಬೇಕಾ, ಸಹಿಸಿಕೊಂಡು ಇರಬೇಕಾ?

ನಂಬದ ಗಂಡ ಜೊತೆಯಲ್ಲಿ ಬಾಳಲು ಒಪ್ಪಿದರೆ ಹೆಂಡತಿ ಬಿಡಬಾರದು ಅಂತ ಪೌಲ ಬರೆಯುತ್ತಾನೆ. ನಂಬಿಕೆಯನ್ನೇ ಕಾರಣ ಮಾಡಿ ನೀವಾಗಿ ಮನೆ ಮುರಿಯಬೇಡಿ. ಪುಸ್ತಕ ಸುಟ್ಟರೆ ಇನ್ನೊಂದು ಸಿಗುತ್ತದೆ, ಫೋನಿನಲ್ಲೂ ಓದಬಹುದು. ಭಾನುವಾರ ಬಿಡದಿದ್ದರೆ ಬುಧವಾರ ಮಧ್ಯಾಹ್ನ ಪಕ್ಕದ ಬೀದಿಯ ಇಬ್ಬರು ಹೆಂಗಸರ ಜೊತೆ ಕೂತು ಪ್ರಾರ್ಥಿಸಿ. ಅದೂ ಸಭೆಯೇ.

ಹೊಡೆತದ ವಿಷಯ ಬೇರೆ. ಹೊಡೆಸಿಕೊಂಡು ಇರುವುದು ಶಿಲುಬೆ ಹೊರುವುದಲ್ಲ. ಯಾವ ಅಕ್ಕನಾದರೂ, ಯಾವ ಪಾಸ್ಟರ್ ಆದರೂ 'ಸಹಿಸಿಕೋ ಅಮ್ಮ, ಪ್ರತಿಫಲ ಇದೆ' ಅಂದರೆ ಅವರ ಮಾತು ಕೇಳಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಮಕ್ಕಳನ್ನು ಕರೆದುಕೊಂಡು ಸುರಕ್ಷಿತ ಜಾಗಕ್ಕೆ ಹೋಗಿ, ದೇವರ ಚಿತ್ತ ಏನು ಅಂತ ಅಲ್ಲಿ ಕೂತು ಯೋಚಿಸಬಹುದು.

## ಊರು, ಕಾಗದ-ಪತ್ರ

ಹೆಸರು ಬದಲಾಯಿಸಬೇಕಾ? ಮಾಂಸ ತಿನ್ನಬೇಕಾ? ನಮ್ಮತನ ಎಲ್ಲ ಬಿಡಬೇಕಾ?

ಬೇಕಾಗಿಲ್ಲ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅಪ್ಪ ಚಿತ್ಪಾವನ ಬ್ರಾಹ್ಮಣ ಪಂಡಿತರು. ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ್ದಕ್ಕೆ ಜನರ ಸಿಟ್ಟಿಗೆ ಗುರಿಯಾದವರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಾಗ ಇಲ್ಲಿ ದೊಡ್ಡ ಗುಲ್ಲೆದ್ದಿತು. ಆಕೆ ಸಸ್ಯಾಹಾರ ಬಿಡಲಿಲ್ಲ, ಸೀರೆ ಬಿಡಲಿಲ್ಲ, ಹೆಸರು ಬಿಡಲಿಲ್ಲ. ಅಲ್ಲಿನ ಚರ್ಚಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸಲೂ ಇಲ್ಲ, ಪತ್ರ ಬರೆದು ವಾದ ಮಾಡಿದರು. ಊರಿನವರಿಗೆ ಆಕೆ ಮತ ಬಿಟ್ಟವಳು, ಅಲ್ಲಿನವರಿಗೆ ಹೇಳಿದ ಮಾತು ಕೇಳದವಳು. ಎರಡು ಕಡೆಯಿಂದಲೂ ಬೈಸಿಕೊಂಡು ಪುಣೆಯ ಹತ್ತಿರ ಕೇಡಗಾಂವಿನಲ್ಲಿ ವಿಧವೆಯರಿಗೆ, ಬರಗಾಲದಲ್ಲಿ ದಿಕ್ಕಿಲ್ಲದ ಹುಡುಗಿಯರಿಗೆ ಮನೆ ಕಟ್ಟಿದರು.

ಕುಂಕುಮ, ಬಳೆ, ತಾಳಿ ಬಗ್ಗೆ ಕೇಳುವವರಿಗೆ ಬೇರೆ ಏನೂ ಹೇಳುವುದಿಲ್ಲ, ನಮ್ಮ ಸಭೆಯ ಹಿರಿಯ ಹೆಂಗಸರ ಕೊರಳನ್ನು ನೋಡಿ ಅನ್ನುತ್ತೇನೆ.

ಜಮೀನಲ್ಲಿ ಪಾಲು ಹೋಗುತ್ತಾ? ಜಾತಿ ಸರ್ಟಿಫಿಕೇಟ್ ಏನಾಗುತ್ತೆ?

ಇದನ್ನು ಕೇಳಲು ಜನ ನಾಚುತ್ತಾರೆ. ನಾಚಬೇಡಿ, ಮುಂಚೆಯೇ ತಿಳಿದುಕೊಳ್ಳಬೇಕಾದ ವಿಷಯ.

ಮತ ಬದಲಾಯಿಸಿದ ಮಾತ್ರಕ್ಕೆ ಪಾಲು ಹೋಗುವುದಿಲ್ಲ ಅಂತ 1850ರಲ್ಲೇ ಒಂದು ಕಾಯ್ದೆ ಬಂದಿತ್ತು. ಈಗ ನೋಡಬೇಕಾದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಮತಾಂತರ ಆದವರ ಸ್ವಂತ ಹಕ್ಕನ್ನು ಅದು ಕಿತ್ತುಕೊಳ್ಳುವುದಿಲ್ಲ. ಆದರೆ ಮತಾಂತರದ ನಂತರ ಹುಟ್ಟಿದ ಮಕ್ಕಳು, ಆಸ್ತಿಯ ಒಡೆಯರು ತೀರಿಕೊಂಡ ಹೊತ್ತಿಗೆ ಹಿಂದೂಗಳಾಗಿರದಿದ್ದರೆ, ಹಿಂದೂ ನೆಂಟರ ಆಸ್ತಿಗೆ ಉತ್ತರಾಧಿಕಾರಿಗಳಾಗುವುದಿಲ್ಲ. ಅದರ 26ನೇ ಕಲಂ ನೋಡಿ. ಅಪ್ಪ ತಾವೇ ದುಡಿದು ಮಾಡಿದ್ದನ್ನು ಯಾರ ಹೆಸರಿಗೆ ಬೇಕಾದರೂ ಉಯಿಲು ಬರೆಯಬಹುದು, ಅದನ್ನು ಯಾವ ಕಾಯ್ದೆಯೂ ತಡೆಯುವುದಿಲ್ಲ.

ಪರಿಶಿಷ್ಟ ಜಾತಿಯವರಿಗೆ ಏಟು ಗಟ್ಟಿಯಾಗಿ ಬೀಳುತ್ತದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರನ್ನು ಸೇರಿಸಿಲ್ಲ. ಕ್ರೈಸ್ತನಾದ ಮೇಲೂ ಹೊಲೆಗೇರಿಯ ಹುಡುಗನನ್ನು ಊರು ಅದೇ ಕಣ್ಣಲ್ಲಿ ನೋಡುತ್ತದೆ, ಸರ್ಟಿಫಿಕೇಟ್ ಮಾತ್ರ ಸಿಗುವುದಿಲ್ಲ. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಹಾಗಂತ ಒಂದು ನಂಬಿ, ಕಾಗದದಲ್ಲಿ ಇನ್ನೊಂದು ಬರೆಸಿ ಅಂತ ಹೇಳಲೂ ಆಗುವುದಿಲ್ಲ. ಪರಿಶಿಷ್ಟ ಪಂಗಡದ ಸ್ಥಾನಕ್ಕೆ ಮತದ ಷರತ್ತು ಇಲ್ಲ.

ಸಂವಿಧಾನದ 25ನೇ ವಿಧಿ ನಿಮ್ಮ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಕಾಯುತ್ತದೆ. ಮತಾಂತರದ ಕಾನೂನು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕದಲ್ಲಿ 2022ರಲ್ಲಿ ಒಂದು ಬಂತು, 2023ರಲ್ಲಿ ಸಚಿವ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ದೀಕ್ಷಾಸ್ನಾನದ ದಿನ ಗೊತ್ತು ಮಾಡುವ ಮೊದಲು ಒಬ್ಬ ವಕೀಲರ ಹತ್ತಿರ ಕೂತು ಇವತ್ತಿನ ಸ್ಥಿತಿ ಕೇಳಿಕೊಳ್ಳಿ.

ದುಡ್ಡಿಗೆ ಹೋದ, ಅಕ್ಕಿ ಮೂಟೆಗೆ ಹೋದ ಅಂತಾರೆ. ಏನು ಹೇಳಲಿ?

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ, ಹಾಗೇನಾದರೂ ಇದೆಯಾ ಅಂತ. ಕೆಲಸ ಸಿಗುತ್ತದೆ, ಹುಡುಗಿ ಸಿಗುತ್ತಾಳೆ, ಕಾಯಿಲೆ ಹೋಗುತ್ತದೆ ಅಂತ ಬಂದವರೂ ಇದ್ದಾರೆ. ಇದ್ದರೆ ಒಪ್ಪಿಕೊಳ್ಳಿ, ಇನ್ನೂ ಸ್ವಲ್ಪ ದಿನ ಕಾಯಿರಿ. ಆಮಿಷ ಒಡ್ಡಿ ಕರೆಯುವವರು ಇದ್ದರೆ ಅವರನ್ನು ಕಾಪಾಡುವ ಕೆಲಸ ನಿಮ್ಮದಲ್ಲ.

ಇನ್ನು ಮಂಗಳೂರಿನ ಕತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಅಲ್ಲಿಗೆ ಬಂದದ್ದು 1834ರಲ್ಲಿ. ಅವರ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣರ ಹುಡುಗ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದ. ಊರು ಕೆರಳಿತು. ಅವನಿಗೆ ಅದರಿಂದ ಅಕ್ಕಿ ಮೂಟೆ ಬರಲಿಲ್ಲ, ಇದ್ದದ್ದು ಹೋಯಿತು. ಮನೆ ಹೋಯಿತು. ಹೆಂಡತಿ ಬಂದು ಸೇರಲಿಲ್ಲ. ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಗುರುಪಟ್ಟ ಪಡೆದು ವಾಪಸ್ ಬಂದು, ಇಲ್ಲೇ ಪಾಠ ಹೇಳುತ್ತಾ ಬಾಳಿದರು. ಕೌಂಡಿನ್ಯ ಅನ್ನುವ ಮನೆತನದ ಹೆಸರನ್ನು ಕೊನೆಯವರೆಗೂ ಇಟ್ಟುಕೊಂಡರು.

ಬಡವರ ಕತೆ ಇನ್ನೊಂದು. ಅಲ್ಲಿ ನಂಬಿದವರಲ್ಲಿ ಬಿಲ್ಲವರು ತುಂಬಾ ಜನ. ಕಳ್ಳು ಇಳಿಸುವುದು ಅವರಲ್ಲಿ ಬಹಳ ಮಂದಿಯ ಕಸುಬು. ಮಿಷನ್ನಿನವರು ಅದು ಕೂಡದು ಅಂದರು. ಭೂತಾರಾಧನೆ ಬಿಟ್ಟ ಮೇಲೆ ಊರಿನ ಕೊಡುಕೊಳ್ಳುವಿಕೆಯಲ್ಲೂ ಜಾಗ ಉಳಿಯಲಿಲ್ಲ. ಒಂದೇ ಸಲಕ್ಕೆ ಕಸುಬೂ ಹೋಯಿತು, ನೆಂಟರೂ ಹೋದರು. ಇವರ ಹೊಟ್ಟೆಗೇನು ಅಂತ ಹುಡುಕಿದಾಗ ಬಂದದ್ದು ನೇಯ್ಗೆ, ಮುದ್ರಣ, ಆಮೇಲೆ 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ. ಮಂಗಳೂರು ಹೆಂಚು ಅಂತ ಇವತ್ತು ಎಲ್ಲ ಜಾತಿಯವರ ಮನೆಯ ಮೇಲೂ ಇರುವುದು ಅಲ್ಲಿಂದ ಹೊರಟದ್ದು. ಊರು ಹೊರಗೆ ಹಾಕಿದ್ದರಿಂದ ಕೆಲಸ ಹುಡುಕಬೇಕಾಯಿತು. ಕೆಲಸದ ಆಸೆಗೆ ಬಂದವರು ಆಮೇಲೆ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಕಾರ್ಖಾನೆ ಇದ್ದ ಕಡೆ ಅವರೂ ಬಂದಿರುತ್ತಾರೆ.

## ಆಮೇಲೆ ಬರುವವು

ವಿರೋಧ ಬಂದಷ್ಟೂ ನಿನ್ನ ನಂಬಿಕೆ ನಿಜ ಅಂತ ಒಬ್ಬ ಪಾಸ್ಟರ್ ಹೇಳಿದ್ರು. ಹೌದಾ?

ಇಲ್ಲ. ಬೈಗುಳ ತಿನ್ನಲು ನೂರು ಕಾರಣ ಇರುತ್ತವೆ. ಬೆಳಿಗ್ಗೆ ಐದಕ್ಕೆ ಮೈಕಿನಲ್ಲಿ ಹಾಡು ಹಾಕಿ, ಪಕ್ಕದ ಮನೆಯವರು ಬೈದರೆ ಅದು ಸುವಾರ್ತೆಗೆ ಬಂದ ವಿರೋಧ ಅಲ್ಲ, ಮೈಕಿಗೆ ಬಂದದ್ದು. ಯೇಸುವಿನ ಶಿಷ್ಯ ಪೇತ್ರ ತನ್ನ ಮೊದಲ ಪತ್ರದಲ್ಲಿ ಇದನ್ನು ಬಿಡಿಸಿ ಹೇಳಿದ್ದಾನೆ. ಕೊಲೆಗಾರನಾಗಿ, ಕಳ್ಳನಾಗಿ, ಬೇರೆಯವರ ವಿಷಯದಲ್ಲಿ ತಲೆ ಹಾಕುವವನಾಗಿ ಯಾರೂ ಕಷ್ಟಪಡಬಾರದು ಅಂತ. ತಲೆ ಹಾಕುವವನನ್ನು ಕೊಲೆಗಾರನ ಸಾಲಿನಲ್ಲೇ ನಿಲ್ಲಿಸಿದ್ದಾನೆ, ಗಮನಿಸಿ.

ವಿರೋಧವೇ ಬರದ ಮನೆಗಳೂ ಇವೆ. 'ನಿನಗೆ ಒಳ್ಳೇದಾದ್ರೆ ಸರಿ ಬಿಡು ಮಗಾ' ಅಂದ ಅಮ್ಮಂದಿರನ್ನು ನಾನು ಬಲ್ಲೆ. ಅಂಥ ಮನೆಯ ಮಕ್ಕಳ ನಂಬಿಕೆ ಸಪ್ಪೆ ಅಂತ ಯಾರಾದರೂ ಅಂದರೆ ನಗಬೇಕು ಅಷ್ಟೇ.

ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ. ಒಬ್ಬನೇ ಆಗಿಬಿಟ್ಟಿದ್ದೀನಿ.

ಯೋಹಾನ ಒಂಬತ್ತನ್ನು ನಿಧಾನವಾಗಿ ಓದಿ. ಹುಟ್ಟುಕುರುಡನಿಗೆ ಕಣ್ಣು ಬಂತು. ಖುಷಿಪಡಬೇಕಾದ ಊರು ವಿಚಾರಣೆಗೆ ನಿಲ್ಲಿಸಿತು. ಅಕ್ಕಪಕ್ಕದವರು 'ಇವನೇನಾ, ಅಥವಾ ಇವನ ಹಾಗೆ ಕಾಣುವವನಾ' ಅಂದರು. ಅಪ್ಪ ಅಮ್ಮನನ್ನು ಕರೆಸಿದರು. ಅವರು ಹೆದರಿ, 'ಅವನು ಪ್ರಾಯಕ್ಕೆ ಬಂದವನು, ಅವನನ್ನೇ ಕೇಳಿ' ಅಂತ ಜಾರಿಕೊಂಡರು. ಮಗನಿಗೆ ಕಣ್ಣು ಬಂದ ದಿನ ಹೆತ್ತವರು ಆಡಿದ ಮಾತು ಅದು. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ, ಬಹಿಷ್ಕಾರ ಅಂದರೆ ನೀರು ಬೆಂಕಿ ಎಲ್ಲ ನಿಂತ ಹಾಗೆ. ಕೊನೆಗೆ ಅವನನ್ನು ಹೊರಗೆ ಹಾಕಿದರು. ಹೊರಗೆ ಹಾಕಿದ ಸುದ್ದಿ ಯೇಸುವಿಗೆ ತಲುಪಿತು. ಅವರು ಅವನನ್ನು ಹುಡುಕಿಕೊಂಡು ಹೋದರು. ಅವನು ಯೇಸುವಿನ ಮುಖವನ್ನು ಮೊದಲ ಸಲ ನೋಡಿದ್ದು ಆಗ. ಕಣ್ಣು ಬಂದದ್ದು ಕೊಳದಲ್ಲಿ ತೊಳೆದುಕೊಂಡಾಗ, ಎದುರಿಗೆ ಯೇಸು ಇರಲಿಲ್ಲ.

ಒಬ್ಬರಾದರೂ ಮನುಷ್ಯರೂ ಬೇಕು. ನಿಮ್ಮ ತಾಲೂಕಿನಲ್ಲಿ ಇದೇ ದಾರಿಯಲ್ಲಿ ಹತ್ತು ವರ್ಷ ಮುಂಚೆ ನಡೆದವರು ಖಂಡಿತ ಇರುತ್ತಾರೆ. ಹುಡುಕಿ, ಅವರ ಮನೆಗೆ ಊಟಕ್ಕೆ ಹೋಗಿ.

ಮನೆಯವರು ಬಿಟ್ರು, ಸರಿ. ಆದ್ರೆ ಸಭೆಯವರೇ ನನ್ನ ಜಾತಿ ಕೇಳಿದ್ರೆ?

ಕೇಳುತ್ತಾರೆ. ಮದುವೆ ಮಾತು ಬಂದಾಗಂತೂ ಬಾಯಿ ಬಿಟ್ಟೇ ಕೇಳುತ್ತಾರೆ. ನಾನು ಚಿಕ್ಕವನಿದ್ದಾಗ ಹೋಗುತ್ತಿದ್ದ ಒಂದು ಸಭೆಯಲ್ಲಿ ಯಾವ ಬೆಂಚು ಯಾರದ್ದು ಅಂತ ಎಲ್ಲರಿಗೂ ಗೊತ್ತಿತ್ತು, ಗೋಡೆಯ ಮೇಲೆ ಬರೆದಿರಲಿಲ್ಲ ಅಷ್ಟೇ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಏಳುವ ಸರದಿಯಲ್ಲೂ ಅದು ಕಾಣುತ್ತಿತ್ತು.

ಇದು ಹೊಸ ರೋಗವಲ್ಲ. ಅಂತಿಯೋಕ್ಯ ಅನ್ನುವ ಪಟ್ಟಣದಲ್ಲಿ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ ಜೊತೆ ಕೂತು ಊಟ ಮಾಡುತ್ತಿದ್ದ, ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಎದ್ದು ಬೇರೆ ಪಂಕ್ತಿಗೆ ಹೋದ. ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರ ಪತ್ರದ ಎರಡನೇ ಅಧ್ಯಾಯ. ಅಂದರೆ ಪಂಕ್ತಿಭೇದ ಸುವಾರ್ತೆಯ ಬುಡಕ್ಕೇ ಬರುವ ವಿಷಯ, ಶಿಷ್ಟಾಚಾರದ ಮಾತಲ್ಲ. ನೀವೂ ಎಲ್ಲರೆದುರೇ ಕೇಳಬಹುದು. ಕೇಳಿದ ಮೇಲೂ ಬದಲಾಗದಿದ್ದರೆ ಬೇರೆ ಸಭೆ ನೋಡಿಕೊಳ್ಳಿ. ಯೇಸುವನ್ನು ಬಿಡುವುದು ಬೇಡ.

ನನ್ನವರು ನಂಬದೇ ಹೋದ್ರೆ ಅವರ ಗತಿ ಏನು? ನನಗೆ ನಿದ್ದೆ ಬರಲ್ಲ.

ಪೌಲನಿಗೂ ಬರುತ್ತಿರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ, ತನ್ನ ಜನರಿಗಾಗಿ ಬಿಡದ ಸಂಕಟ ಇದೆ, ಅವರು ಉಳಿಯುವುದಾದರೆ ತಾನೇ ಕ್ರಿಸ್ತನಿಂದ ದೂರವಾದರೂ ಸರಿ ಅನ್ನುವಷ್ಟು ದೂರ ಹೋಗುತ್ತಾನೆ. ಮೂರು ಅಧ್ಯಾಯ ವಾದ ಮಾಡಿ, ಕೊನೆಗೆ ದೇವರ ತೀರ್ಪುಗಳು ನಮ್ಮ ಅಳತೆಗೆ ಸಿಗುವಂಥವಲ್ಲ ಅಂತ ಕೈಮುಗಿದು ನಿಲ್ಲಿಸುತ್ತಾನೆ.

ನಾನು ಅದಕ್ಕಿಂತ ಮುಂದೆ ಹೋಗುವುದಿಲ್ಲ. ಯೇಸುವಿನ ಹೊರಗೆ ರಕ್ಷಣೆ ಇಲ್ಲ ಅಂತ ನಮ್ಮ ಸಭೆ ನಂಬುತ್ತದೆ, ನಾನೂ ನಂಬುತ್ತೇನೆ. ನಿಮ್ಮ ತಾತ ಎಲ್ಲಿದ್ದಾರೆ ಅಂತ ಹೇಳುವ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ. ಆ ಸಂಕಟವನ್ನು ಹೆದರಿಸುವ ಅಸ್ತ್ರ ಮಾಡಿಕೊಳ್ಳಬೇಡಿ. ಊಟಕ್ಕೆ ಕೂತ ಅಪ್ಪನ ಮುಂದೆ ನರಕದ ಮಾತು ತೆಗೆಯುವ ಮಗ ಅಪ್ಪನನ್ನೂ ಕಳೆದುಕೊಳ್ಳುತ್ತಾನೆ, ತನ್ನ ಮಾತು ಕೇಳುವ ಕಿವಿಯನ್ನೂ ಕಳೆದುಕೊಳ್ಳುತ್ತಾನೆ.

ಎಷ್ಟು ವರ್ಷ ಅಂತ ಕಾಯಲಿ? ಅವರು ಬದಲಾಗ್ತಾರಾ?

ಯೇಸುವಿನ ಸ್ವಂತ ತಮ್ಮಂದಿರೇ ಅವರನ್ನು ನಂಬಿರಲಿಲ್ಲ, ಯೋಹಾನ ಏಳರಲ್ಲಿ ಹಾಗೇ ಬರೆದಿದೆ. ಮನೆಯವರು ಒಮ್ಮೆ 'ಇವನಿಗೆ ತಲೆ ಕೆಟ್ಟಿದೆ' ಅಂತ ಹಿಡಿದುಕೊಂಡು ಹೋಗಲು ಬಂದಿದ್ದರು. ಅದೇ ಮನೆಯ ಯಾಕೋಬ ಆಮೇಲೆ ಯೆರೂಸಲೇಮಿನ ಸಭೆಯ ಹಿರಿಯನಾದ. ಹಾಗಾಗಿ ಆಗುವುದೇ ಇಲ್ಲ ಅಂತ ಹೇಳಲಾರೆ. ಆಗಿಯೇ ಆಗುತ್ತದೆ ಅಂತ ಮಾತು ಕೊಡಲೂ ಆರೆ.

ನನ್ನ ಅಮ್ಮ ನಂಬಿದ್ದು ಮದುವೆಯಾದ ಎರಡನೇ ವರ್ಷ. ತವರಿಗೆ ಹೋದರೆ ಅಜ್ಜಿ ಕಾಫಿ ಕೊಡುತ್ತಿದ್ದದ್ದು ಜಗಲಿಯ ಮೇಲೆ, ಬೇರೆ ಇಟ್ಟಿದ್ದ ಒಂದು ಸ್ಟೀಲ್ ಲೋಟದಲ್ಲಿ. ಅಂಚಿನಲ್ಲಿ ಸ್ವಲ್ಪ ನೆಗ್ಗಿತ್ತು. ಮನೆಯವರದ್ದೆಲ್ಲ ಹಿತ್ತಾಳೆ. ಅಮ್ಮ ಕುಡಿದು, ತೊಳೆದು, ಜಗಲಿಯ ಗೂಡಿನಲ್ಲಿ ಬೋರಲು ಹಾಕಿ ಬರುತ್ತಿದ್ದಳು. ಹದಿಮೂರು ವರ್ಷ. ಒಂದು ದೀಪಾವಳಿಗೂ ಹೋಗುವುದು ತಪ್ಪಿಸಲಿಲ್ಲ. ಆಮೇಲೆ ಅಜ್ಜಿಯ ಕಣ್ಣು ಮಂಜಾಯಿತು. ಒಂದು ಮಧ್ಯಾಹ್ನ ಹಿತ್ತಾಳೆ ಲೋಟದಲ್ಲೇ ಕಾಫಿ ತಂದು ಕೊಟ್ಟರು. ಕಾಣದೆ ಕೊಟ್ಟರೋ, ಕಂಡೇ ಕೊಟ್ಟರೋ, ಅಮ್ಮ ಕೇಳಲಿಲ್ಲ. ಕುಡಿದು ತೊಳೆದು, ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ಜಗಲಿಯಲ್ಲೇ ನಿಂತಳು. ಆಗ ಅಜ್ಜಿ ಒಳಗಿಂದಲೇ ಹೇಳಿದರು, 'ಅಲ್ಯಾಕೆ ನಿಂತೆ, ಒಳಗೆ ತಂದಿಡು.'

ಅಜ್ಜಿ ಸಾಯುವವರೆಗೂ ನಂಬಲಿಲ್ಲ. ನೆಗ್ಗಿದ ಸ್ಟೀಲ್ ಲೋಟ ಈಗ ನಮ್ಮ ಮನೆಯಲ್ಲಿದೆ, ಅಮ್ಮ ಅದರಲ್ಲಿ ಅಕ್ಕಿ ಅಳೆಯುತ್ತಾಳೆ.